ಒಣ ಶಂಖ

ಗೆದ್ದವನನ್ನು ಕಂಡು ಹೊಟ್ಟೆ ಉರಿಸಿಕೊಳ್ಳುವವರು ಎಲ್ಲ ಊರಿನಲ್ಲೂ ಇದ್ದಾರೆ. ಸೋತವನನ್ನು ಕಂಡು ಹೊಟ್ಟೆ ಉರಿಸಿಕೊಂಡವನು ನಮ್ಮೂರಿನಲ್ಲಿ ನಾನೊಬ್ಬನೇ. ನನ್ನ ಷಡ್ಡಕ ಮೌನೇಶ ಒಂದೇ ಒಂದು ನೀರಿನ ಜಾರುಬಂಡೆ ಮಾಡಿ ನಿಲ್ಲಿಸಿದ್ದ. ಮೂರು ವರ್ಷವಾದರೂ ಅದನ್ನು ಯಾರೂ ಕೊಳ್ಳಲಿಲ್ಲ. ಅದೇ ಮೂರು ವರ್ಷದಲ್ಲಿ ನಾನು ನಲವತ್ತು ಮಾರಿದೆ. ಆದರೂ ಊಟಕ್ಕೆ ಕೂತರೆ ಅನ್ನ ಗಂಟಲಲ್ಲಿ ಇಳಿಯದೆ ಒದ್ದಾಡಿದ್ದು ನಾನು, ಅವನಲ್ಲ.

ನಮ್ಮ ಸೀಮೆಯ ನೀರು ಯಾರೂ ಹೋಗದ ದಾರಿಯಲ್ಲಿ ಹೋಗುವುದಿಲ್ಲ. ಹೊಸ ಕಾಲುವೆ ತೋಡಿದರೆ ಅದರುದ್ದಕ್ಕೂ ಒಬ್ಬರು ನಡೆಯಬೇಕು, ಆಮೇಲೆ ನೀರು ಅವರ ಹಿಂದೆ ಬರುತ್ತದೆ. ಹೊಸ ಪೈಪು ಹಾಕಿದರೆ ಪ್ಲಂಬರ್ ಆ ತುದಿಯಲ್ಲಿ ಬೆಲ್ಲದ ಚೂರು ಇಟ್ಟು ಈ ತುದಿಯಲ್ಲಿ ಇರುವೆ ಬಿಡುತ್ತಾನೆ. ಅವನ ಚೀಲದಲ್ಲಿ ಸ್ಪ್ಯಾನರ್ ಇಲ್ಲದಿದ್ದರೂ ಇರುವೆಯ ಡಬ್ಬಿ ಇದ್ದೇ ಇರುತ್ತದೆ. ಹುಟ್ಟಿದ ಮಗುವಿಗೆ ಮೊದಲ ನೀರು ಹಾಕುವ ಮುಂಚೆ ಅಜ್ಜಿ ನೆತ್ತಿಯಿಂದ ಅಂಗಾಲಿನವರೆಗೆ ಬೆರಳು ಎಳೆಯುತ್ತಾಳೆ. ಇಲ್ಲದಿದ್ದರೆ ನೀರು ನೆತ್ತಿಯ ಮೇಲೆಯೇ ಟೋಪಿಯ ಹಾಗೆ ಕೂತುಬಿಡುತ್ತದೆ. ಹೊರಗಿನಿಂದ ಬಂದ ಸೊಸೆಯರು ಹೊಸ ಪಾತ್ರೆ ತೊಳೆಯುವಾಗ ಒಂದು ವಾರ ಬೈದುಕೊಳ್ಳುತ್ತಾರೆ, ಆಮೇಲೆ ಅವರ ಬೆರಳಿಗೂ ಅಭ್ಯಾಸವಾಗುತ್ತದೆ.

ಹೀಗೆ ಮೊದಲು ಹೋಗುವುದಕ್ಕೆ ನಮ್ಮಲ್ಲಿ ಮೊದಲಡಿ ಇಡುವುದು ಎನ್ನುತ್ತಾರೆ. ಪೈಪಿಗೆ ಇರುವೆ ಸಾಕು. ಮನುಷ್ಯರು ಜಾರುವ ಜಾರುಬಂಡೆಗೆ ಮನುಷ್ಯನೇ ಬೇಕು: ಎಣ್ಣೆ ಹಚ್ಚಿದ ಗೋಣಿಯ ಮೇಲೆ ಕೂತು, ನೀರಿಲ್ಲದೆ, ತುದಿಯಿಂದ ತುದಿಗೆ ಜಾರಬೇಕು. ಮಾಡಿದವನು ಹೋದರೆ ಅದು ಲೆಕ್ಕಕ್ಕಿಲ್ಲ. ಅವನು ನೂರು ಸಲ ಹೋಗಿ ಬಂದರೂ ನೀರು ಅವನ ಹಿಂದೆ ಬರುವುದಿಲ್ಲ. ಹೋದವನು ಎಲ್ಲರೆದುರು ನಿಂತು "ಹೋದೆ, ಬಂದೆ, ಏನೂ ಆಗಲಿಲ್ಲ" ಎನ್ನಬೇಕು. ಆಮೇಲೆ ಆ ನಮೂನೆಗೆ ಅವನದೇ ಹೆಸರು; ಅದೇ ಅಚ್ಚಿನ ಮಿಕ್ಕವಕ್ಕೆ ಮತ್ತೆ ಮೊದಲಡಿ ಬೇಕಿಲ್ಲ. ನಾನು ಮೂವತ್ತು ವರ್ಷದಿಂದ ಮಾಡುತ್ತಿರುವ, ಮೂರು ಸುತ್ತು ಸುತ್ತಿ ಕೆಳಗಿಳಿಯುವ ಜಾರುಬಂಡೆಯನ್ನು ಎಲ್ಲರೂ ಪಾಪಣ್ಣನ ಸುತ್ತು ಎನ್ನುತ್ತಾರೆ. ಅಚ್ಚು ಮಾಡಿದವನು ಗಂಗಾಧರಾಚಾರಿ, ಅಂದರೆ ನಾನು. ಪಾಪಣ್ಣ ಎಂಬ ಆಸಾಮಿ ಒಂದು ಬೆಳಿಗ್ಗೆ ಗೋಣಿಯ ಮೇಲೆ ಕೂತು ಜಾರಿದ. ಅವನು ಪಟ್ಟ ಶ್ರಮ ಅಷ್ಟೇ.

ಮೌನೇಶ ನನ್ನ ಹೆಂಡತಿ ಕಲಾವತಿಯ ತಂಗಿ ಅಂಬುಜಳ ಗಂಡ. ಮದುವೆಗೆ ಮುಂಚೆ ನನ್ನ ಶೆಡ್ಡಿನಲ್ಲೇ ಫೈಬರ್ ಕೆಲಸ ಕಲಿತವನು. ಅಚ್ಚಿಗೆ ಮೇಣ ಹಚ್ಚುವುದು, ನಾರಿನ ಹಾಸು ಹಾಸಿ ಅಂಟು ಸವರುವುದು, ಒಣಗಿದ ಮೇಲೆ ಉಜ್ಜಿ ನುಣುಪು ಮಾಡುವುದು, ಎಲ್ಲ ನಾನೇ ಹೇಳಿಕೊಟ್ಟೆ. ಆಮೇಲೆ ಅವನು ಕೆರೆಯ ಪಕ್ಕ ಜಾಗ ಹಿಡಿದು, ಸುತ್ತ ತಗಡು ಕಟ್ಟಿ, ಒಂದು ವರ್ಷ ಯಾರನ್ನೂ ಒಳಗೆ ಬಿಡಲಿಲ್ಲ. ತಗಡು ತೆಗೆದಾಗ ತೆಂಗಿನಮರದೆತ್ತರಕ್ಕೆ ಒಂದು ಬಿಳಿ ಶಂಖ ನಿಂತಿತ್ತು. ನಮ್ಮ ಜಾರುಬಂಡೆಗಳೆಲ್ಲ ಮೇಲಿನಿಂದ ಕೆಳಗೆ ಬರುತ್ತವೆ. ಇದು ಕೆಳಗೆ ಬಿದ್ದ ರಭಸದಲ್ಲಿ ಮತ್ತೆ ಮೇಲಕ್ಕೆ ಹೋಗುತ್ತದೆ ಎಂದು ಅವನು ಹೇಳಿದ. ಒಳಗೆ ಏನಿದೆಯೆಂದು ಹೊರಗಿನಿಂದ ಕಾಣುತ್ತಿರಲಿಲ್ಲ. ತುಂಡುಗಳನ್ನು ಕೂಡಿಸಿದ ಗೆರೆ ಎಲ್ಲಿದೆಯೆಂದು ನಾನು ಅದರ ಸುತ್ತ ಮೂರು ಸಲ ಹುಡುಕಿದೆ. ಸಿಗಲಿಲ್ಲ. ಅವತ್ತು ಹತ್ತಿಕೊಂಡ ಉರಿ ಆರಲೇ ಇಲ್ಲ.

ಕೊಳ್ಳುವವರು ಬರಲಿಲ್ಲವೆಂದಲ್ಲ. ಸುತ್ತಿನ ಊರುಗಳಿಂದ ಹನ್ನೊಂದು ನೀರಾಟದ ಪಾರ್ಕಿನವರು ಬಂದರು. ಎಲ್ಲರೂ ಕತ್ತೆತ್ತಿ ನೋಡಿ, ಬಾಯಿ ತೆರೆದು, ಆಮೇಲೆ ಬಾಯಿ ಮುಚ್ಚಿಕೊಂಡು ಒಂದೇ ಮಾತು ಕೇಳಿದರು: "ಇದು ಎಲ್ಲಾದ್ರೂ ಓಡ್ತಾ ಐತಾ?" ಎಲ್ಲೂ ಓಡುತ್ತಿರಲಿಲ್ಲ. "ಹಂಗಾದ್ರೆ ಮೊದಲು ಯಾರಿಗಾದ್ರೂ ಕೊಡಿ ಆಚಾರ್ರೇ, ಎರಡನೇದು ನಮಗೇ ಇರ್ಲಿ" ಎಂದು ಹನ್ನೊಂದು ಜನರೂ ಹೇಳಿ ಹೋದರು. ಎರಡನೆಯ ಶಂಖಕ್ಕೆ ಹನ್ನೊಂದು ಗಿರಾಕಿಗಳು, ಮೊದಲನೆಯದಕ್ಕೆ ಒಬ್ಬರೂ ಇಲ್ಲ. ಒಳಗೇನಿದೆಯೋ ಎಂದು ಹೆದರಿ ಊರವರು ಯಾರೂ ಮೊದಲಡಿ ಇಡಲಿಲ್ಲ. ಆ ಕೆಲಸಕ್ಕೆ ಎಲ್ಲರೂ ಕರೆಯುವ ಪಾಪಣ್ಣ, "ಕೊಳ್ಳೋರು ಗಟ್ಟಿ ಆಗ್ಲಿ, ಇಡ್ತೀನಿ" ಎಂದ. ಕೊಳ್ಳುವವರು, "ನೀರು ಹರಿಯೋದು ಕಾಣ್ಲಿ, ಕೊಳ್ತೀವಿ" ಎಂದರು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಶಂಖದಿಂದ ಬಂದರೇ ತೀರ್ಥ ಎನ್ನುವ ಜನ ಈ ಶಂಖಕ್ಕೆ ಮಾತ್ರ ಒಣ ಶಂಖ ಎಂದು ಹೆಸರಿಟ್ಟು ನಕ್ಕರು.

ಆ ಹನ್ನೊಂದು ಜನರೂ ವಾಪಸು ಹೋಗುವಾಗ ನನ್ನ ಶೆಡ್ಡಿನ ಮುಂದೆ ನಿಂತಿದ್ದರು. "ನೀವು ಹಿರೀರು, ಹೆಂಗೈತೆ ಅದು?" ಎಂದು ಕೇಳಿದ್ದರು. ನಾನು ಪ್ರತಿ ಸಲವೂ ಒಂದೇ ಉತ್ತರ ಕೊಟ್ಟೆ: "ಹುಡುಗ ಬಹಳ ಒಳ್ಳೇವ್ನು." ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕೆಲಸ ಹೇಗಿದೆ ಎಂದು ಕೇಳಿದವರಿಗೆ ಕೆಲಸಗಾರನ ಗುಣ ಹೊಗಳಿದರೆ ಸಾಕು, ಮಿಕ್ಕಿದ್ದನ್ನು ಅವರೇ ಅರ್ಥ ಮಾಡಿಕೊಳ್ಳುತ್ತಾರೆ. ಅವರಲ್ಲಿ ಏಳು ಜನ ಅಲ್ಲೇ ಪಾಪಣ್ಣನ ಸುತ್ತಿಗೆ ಆರ್ಡರ್ ಕೊಟ್ಟು ಹೋದರು. ನಾನು ಗೆದ್ದೆ ಎಂದುಕೊಂಡು ಮನೆಗೆ ಹೋಗುವ ದಾರಿಯಲ್ಲಿ, ಕೆರೆಯಾಚೆ ಆ ಬಿಳಿ ಶಂಖ ಸಂಜೆಯ ಬಿಸಿಲಿಗೆ ಹೊಳೆಯುವುದು ಕಾಣುತ್ತಿತ್ತು. ನನ್ನ ನಲವತ್ತರಲ್ಲಿ ಒಂದಾದರೂ ಹಾಗೆ ಹೊಳೆದದ್ದನ್ನು ನಾನು ಕಾಣೆ.

ಹನ್ನೆರಡನೆಯವಳಾಗಿ ಚೆಲುವಮ್ಮ ಬರುತ್ತಾಳೆಂದು ಸುದ್ದಿ ಬಂತು. ಮೂರು ಪಾರ್ಕುಗಳ ಒಡತಿ, ನನ್ನ ಹಳೆಯ ಗಿರಾಕಿ, ನಿಂತ ಕಾಲಿನಲ್ಲೇ ಹೌದು ಅಲ್ಲ ಹೇಳುವ ಹೆಂಗಸು. ಸೋಮವಾರ ಬರುವವಳು. ಶನಿವಾರ ಊಟಕ್ಕೆ ಬಡಿಸುತ್ತಾ ಕಲಾವತಿ ಮಾತು ತೆಗೆದಳು.

"ಚೆಲುವಮ್ಮನೂ ಎರಡನೇದು ಅಂದ್ರೆ ಮೌನೇಶ ಅವತ್ತೇ ಕಟರ್ ಹಾಕಿ ಅದನ್ನ ಕೊಯ್ದುಬಿಡ್ತಾನಂತೆ. ನೀರಿನ ತೊಟ್ಟಿ ಮಾಡ್ತಾನಂತೆ. ಆಮೇಲೆ ಫೈಬರ್ ಕೆಲ್ಸಾನೇ ಮುಟ್ಟಲ್ಲ ಅಂತ ಆಣೆ ಇಟ್ಟಿದ್ದಾನಂತೆ. ಅಂಬುಜ ಬೆಳಿಗ್ಗೆಯಿಂದ ಅಳ್ತಾ ಅವ್ಳೆ."

"ನಾನೇನು ಮಾಡ್ಲಿ?"

"ಚೆಲುವಮ್ಮ ನಿಮ್ಮ ಮಾತು ಕೇಳ್ತಾಳೆ. ಒಂದು ಒಳ್ಳೆ ಮಾತು ಹೇಳಿ."

"ಹೇಳ್ತಾನೇ ಇದ್ದೀನಲ್ಲ, ಹುಡುಗ ಒಳ್ಳೇವ್ನು ಅಂತ."

"ಹುಡುಗನ್ನ ಯಾರ್ರೀ ಕೊಳ್ತಾರೆ?" ಎಂದಳು. ಸಾರಿನ ಸೌಟು ಪಾತ್ರೆಗೆ ಬಿದ್ದ ಸದ್ದಿನಲ್ಲೇ ಅವಳಿಗೆ ಎಲ್ಲ ಗೊತ್ತಿದೆ ಎಂದು ನನಗೆ ಗೊತ್ತಾಯಿತು.

ಭಾನುವಾರ ಮಧ್ಯಾಹ್ನ ಅಂಬುಜ, ಮೌನೇಶ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಉಂಡವರು ಚಾಪೆಯ ಮೇಲೆ ಅಡ್ಡಾದರು. ನಾನು ಎಲೆ ಅಡಿಕೆ ತರುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟವನು ಅಂಗಡಿ ದಾಟಿ, ಕೆರೆ ಏರಿ ಹಿಡಿದು, ಶಂಖದ ಗೇಟಿನ ಮುಂದೆ ನಿಂತಿದ್ದೆ. ಬೀಗ ತೆಗೆದೇ ನೇತಾಡುತ್ತಿತ್ತು. ನಾನು ಹೋದದ್ದು ತಪ್ಪು ಹುಡುಕಲು. ಒಂದು ಉಬ್ಬು, ಒಂದು ಒರಟು ಅಂಚು ಸಿಕ್ಕಿದರೂ ಸಾಕಿತ್ತು, ನಾಳೆ ಚೆಲುವಮ್ಮನ ಕಿವಿಗೆ ಹಾಕಿ ನೆಮ್ಮದಿಯಾಗಿ ಇದ್ದುಬಿಡುತ್ತಿದ್ದೆ. ಅರವತ್ತನಾಲ್ಕು ಮೆಟ್ಟಿಲು ಏದುಸಿರು ಬಿಡುತ್ತಾ ಹತ್ತಿದೆ. ಮೇಲೆ ತೂಬು ಮುಚ್ಚಿದ ನೀರಿನ ತೊಟ್ಟಿ. ಅದರ ಮುಂದೆ ಶಂಖದ ಬಾಯಿ. ಪಕ್ಕದಲ್ಲಿ ಮಡಿಸಿಟ್ಟ ಒಂದು ಗೋಣಿ. ಮುಟ್ಟಿದರೆ ಹರಳೆಣ್ಣೆ ಇನ್ನೂ ಹಸಿಯಾಗಿತ್ತು.

ಬಾಯಿಯ ಅಂಚನ್ನು ಸವರಿ ನೋಡಿದೆ. ಕೈ ಹೋದಷ್ಟು ದೂರ ನುಣುಪು. ಒಳಗೆ ಹೇಗಿದೆಯೋ ಎಂದು ಬಗ್ಗಿದೆ. ಕತ್ತಲೆ. ಕೂತು ನೋಡೋಣ ಎಂದು ಗೋಣಿ ಹಾಸಿ ಕೂತೆ. ನನ್ನ ಗಾತ್ರಕ್ಕೆ ಸಾಮಾನ್ಯ ಗೋಣಿ ಸಾಲುವುದಿಲ್ಲ, ಎರಡೂ ಕಡೆ ತೊಡೆ ಹೊರಗೆ ಉಳಿಯುತ್ತದೆ. ಇದು ಹೇಗೋ ಸರಿಯಾಗಿ ಕೂತಿತು. ಕೂತವನು ಹಾಗೇ ಏಳಬಹುದಿತ್ತು. ಏಳಲಿಲ್ಲ. ಕೈ ಬಿಟ್ಟೆ.

ಮೊದಲು ಕತ್ತಲೆ, ಆಮೇಲೆ ತಿರುವು, ಒಂದರೊಳಗೊಂದು ಕಿರಿದಾಗುತ್ತಾ ಹೋಗುವ ತಿರುವು. ನನ್ನ ಉಸಿರೇ ಸುತ್ತಿ ಬಂದು ನನ್ನ ಕಿವಿಗೆ ಕೇಳುತ್ತಿತ್ತು. ಕೆಳಗೆ ಬಿದ್ದೆ, ಬಿದ್ದ ರಭಸದಲ್ಲೇ ಮೇಲಕ್ಕೆ ಹೋದೆ, ಹೋಗುತ್ತಲೇ ಇದ್ದೆ. ಇದ್ದಕ್ಕಿದ್ದಂತೆ ಕತ್ತಲೆ ತೆರೆದುಕೊಂಡಿತು. ಒಂದು ದೊಡ್ಡ ಬಿಳಿ ಬಟ್ಟಲು, ಅದರ ತುಂಬ ಆಕಾಶ, ಬೇರೆ ಏನೂ ಇಲ್ಲ. ಬಟ್ಟಲಿನ ಅಂಚಿನಲ್ಲಿ ಒಂದು ಉಸಿರಿನಷ್ಟು ಹೊತ್ತು ನಾನು ನಿಂತೆ. ನೂರು ಕೇಜಿಯ ನನ್ನ ಮೈಗೆ ತೂಕವೇ ಇರಲಿಲ್ಲ. ಆಮೇಲೆ ಅದು ನನ್ನನ್ನು ಮೆಲ್ಲಗೆ ತಿರುಗಿಸಿ, ಹಿಮ್ಮುಖವಾಗಿ ಇಳಿಸಿ, ಮಲಗಿದ ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಕೆಳಗಿನ ಮರಳಿನ ಮೇಲೆ ಇಟ್ಟಿತು. ಯಾರೋ ಜೋರಾಗಿ ನಗುತ್ತಿದ್ದರು. ಸುತ್ತ ನೋಡಿದೆ, ಯಾರೂ ಇರಲಿಲ್ಲ. ನಗುತ್ತಿದ್ದವನು ನಾನೇ.

ಮೂವತ್ತು ವರ್ಷ ಜಾರುಬಂಡೆ ಮಾಡಿದ್ದೇನೆ. ನಾನು ಮಾಡಿದ ಯಾವುದೂ ನನ್ನನ್ನು ನಗಿಸಿರಲಿಲ್ಲ. ಇವನದು ನಗಿಸಿತು. ಅದನ್ನು ನಾನು ಹೇಗೆ ಕ್ಷಮಿಸಲಿ? ಮರಳಿನ ಮೇಲೆ ಕೂತು ಒಂದೆರಡು ಹನಿ ಕಣ್ಣೀರೂ ಹಾಕಿದೆ, ಸುಳ್ಳೇಕೆ ಹೇಳಲಿ.

ಆಗ ಹೊಳೆಯಿತು: ನಾನು ಮೊದಲಡಿ ಇಟ್ಟುಬಿಟ್ಟಿದ್ದೆ. ನಾಳೆ ತೂಬು ತೆಗೆದರೆ ನೀರು ನನ್ನ ಹಿಂದೆ ಹೊರಡುತ್ತದೆ. ಮರುಗಳಿಗೆ ಇನ್ನೊಂದು ಮಾತು ನೆನಪಾಯಿತು. ಯಾರೂ ಒಪ್ಪಿಕೊಳ್ಳದ ದಾರಿಯಲ್ಲಿ ನೀರು ಹರಿದರೆ ಮೂರು ಸಲ ಕೂಗಿ ಕೇಳುತ್ತಾರೆ. ಮೂರಕ್ಕೂ ಉತ್ತರ ಬರದಿದ್ದರೆ ಹೋದವನು ತಿರುಗಿ ಬರಲಿಲ್ಲವೆಂದೇ ಅರ್ಥ. ಅಂಥದನ್ನು ಅನಾಥ ದಾರಿ ಎನ್ನುತ್ತಾರೆ; ಅವತ್ತೇ ಒಡೆದು ಹಾಕುತ್ತಾರೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಶಂಖದ ಕಥೆ ಮುಗಿಯಿತು. ಒಂದು ಸುಳ್ಳೂ ಹೇಳಬೇಕಿಲ್ಲ. ಗೋಣಿಯನ್ನು ಮೇಲೆ ಒಯ್ದಿಡುವಷ್ಟು ದಮ್ಮಿರಲಿಲ್ಲ, ಅಲ್ಲೇ ಬಿಟ್ಟು, ಎಲೆ ಅಡಿಕೆ ಕಟ್ಟಿಸಿಕೊಂಡು ಮನೆಗೆ ಬಂದೆ. ಮೌನೇಶ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದ. ಅವನ ತಲೆಯ ಬಳಿ ಕೂತು ನಾನು ಎಲೆಗೆ ಸುಣ್ಣ ಹಚ್ಚಿದೆ.

ಸೋಮವಾರ ಅರ್ಧ ಊರೇ ಕೆರೆಯ ಹತ್ತಿರ ಸೇರಿತ್ತು. ಚೆಲುವಮ್ಮ ಕೊಡೆ ಹಿಡಿದು ಬಂದಳು. ಮೊದಲಡಿ ಇಡಲೆಂದು ಪಾಪಣ್ಣನನ್ನು ತಾನೇ ಕರೆತಂದಿದ್ದಳು. ಅವನೋ ಶಂಖವನ್ನು ನೋಡಿದಾಗಿನಿಂದ ಪಂಚೆ ಬಿಚ್ಚಿ ಕಟ್ಟುವುದೇ ಕೆಲಸವಾಗಿತ್ತು. "ಸೊಂಟ ಹಿಡ್ಕೊಂಡೈತೆ ಕಣಮ್ಮಾ, ಸ್ವಲ್ಪ ತಡೀರಿ" ಎನ್ನುತ್ತಿದ್ದ. ನೀರು ಬಾಯಿಯ ತನಕ ಬಂದು ಹೇಗೆ ನಿಲ್ಲುತ್ತದೆ ಎಂದು ತೋರಿಸಲು ಮೌನೇಶ ಮೇಲೆ ಹತ್ತಿ ತೂಬು ಎತ್ತಿದ. ನೀರು ನಿಲ್ಲಲಿಲ್ಲ. ಮನೆಯ ದಾರಿ ಗೊತ್ತಿರುವ ದನದಂತೆ ಸೀದಾ ಒಳಗೆ ನುಗ್ಗಿತು. ಶಂಖದೊಳಗೆ ಮೊದಲು ಗುಡುಗಿದಂತಾಯಿತು, ಆಮೇಲೆ ಉದ್ದಕ್ಕೆ ಊದಿದ ಸದ್ದು ಕೇಳಿತು, ಆಮೇಲೆ ಕೆಳಗಿನ ಬಾಯಿಂದ ನೀರು ಮೆತ್ತಗೆ ಮರಳಿಗೆ ಬಂತು. ಮೌನೇಶ ಮೆಟ್ಟಿಲಿಳಿದು ಬಂದು ತಲೆ ತಗ್ಗಿಸಿ ನಿಂತ. ನನ್ನ ಕಡೆ ನೋಡಲೂ ಇಲ್ಲ.

ಚೆಲುವಮ್ಮ ಕೊಡೆ ಮಡಿಸಿದಳು. "ಯಾರು ಹೋದೋರು?" ಎಂದು ಕೂಗಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನಿಜವಾಗಿ ಹೆಗಲಿಗೆ ಹೋಗಿತ್ತು; ತುರಿಸಿಕೊಂಡಂತೆ ಮಾಡಿದೆ.

"ಯಾರು ಹೋದೋರು?" ಎರಡನೆಯ ಸಲ. ಅಂಬುಜ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೋಡೆಗೆ ಒರಗಿಸಿಟ್ಟಿದ್ದ ಕಟರನ್ನು ಮೌನೇಶ ಒಮ್ಮೆ ನೋಡಿದ. ನನಗೆ ಖುಷಿಯಾಗುತ್ತಿತ್ತು. ಹೌದು, ಆಗುತ್ತಿತ್ತು. ಆ ಬಟ್ಟಲು, ಆ ಆಕಾಶ ಇನ್ನು ನನ್ನೊಬ್ಬನದೇ, ಬೇರೆ ಯಾರಿಗೂ ಸಿಗುವುದಿಲ್ಲ ಎಂದುಕೊಂಡೆ.

ಚೆಲುವಮ್ಮ ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಪಾಪಣ್ಣ ಪಂಚೆ ಬಿಗಿದು ಮುಂದೆ ಬಂದ. "ನಾನೇ ಕಣಮ್ಮಾ. ಮೊನ್ನೇನೇ ಬಂದು ಹೋಗಿದ್ದೆ. ಹೇಳ್ಕೊಳ್ಳೋದು ಯಾಕೆ ಅಂತ ಸುಮ್ಕಿದ್ದೆ."

ಜನ ಓ ಎಂದರು. ಮೌನೇಶ ತಲೆಯೆತ್ತಿ ಅವನನ್ನು ನೋಡಿ ಮತ್ತೆ ತಗ್ಗಿಸಿದ. ಚೆಲುವಮ್ಮ ಕಣ್ಣು ಕಿರಿದು ಮಾಡಿ, "ಒಳಗೆ ಏನೈತೆ, ಹೇಳು" ಎಂದಳು.

"ಏನಿರ್ತದೆ? ಕತ್ತಲೆ. ಒಂದೆರಡು ತಿರುವು, ಒಂದು ಏರು, ಆಮೇಲೆ ಇಳಿಯೋದು. ಎಲ್ಲ ನಮ್ಮ ಸುತ್ತಿನಂಗೇ."

ನಮ್ಮ ಸುತ್ತಂತೆ! ನನ್ನ ಮೂವತ್ತು ವರ್ಷದ ಕೆಲಸಕ್ಕೆ ಹೆಸರು ಅಂಟಿಸಿಕೊಂಡು ಮೆರೆದದ್ದು ಸಾಲದೆ ಈಗ ಇದಕ್ಕೂ ಬಂದಿದ್ದ. ಅದನ್ನಾದರೂ ನುಂಗುತ್ತಿದ್ದೆನೇನೋ. ಆ ಬಟ್ಟಲನ್ನು 'ಒಂದು ಏರು' ಎಂದನಲ್ಲ, ಅದನ್ನು ನುಂಗಲಾಗಲಿಲ್ಲ.

"ಸುಳ್ಳು!" ಎಂದು ಕೂಗಿದೆ. "ಏರಂತೆ, ಏರು! ಅಲ್ಲಿ ಆಕಾಶ ಐತೆ ಕಣೋ, ಬಟ್ಟಲು ತುಂಬ ಆಕಾಶ! ಅಲ್ಲಿ ನಿಂತ್ರೆ ಮೈ ಇರೋದೇ ಗೊತ್ತಾಗಲ್ಲ. ಆಮೇಲೆ ಹಿಮ್ಮುಖ ಬರ್ತೀವಿ. ಗೊತ್ತಿತ್ತಾ ನಿಂಗೆ, ಹಿಮ್ಮುಖ ಬರೋದು?"

ಕೆರೆಯ ಬಳಿ ಇದ್ದವರೆಲ್ಲ ನನ್ನ ಕಡೆ ತಿರುಗಿದರು. ಪಾಪಣ್ಣ ಮೆಲ್ಲಗೆ ಜನರ ಹಿಂದೆ ಸರಿದ. ಕಲಾವತಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ಹಂಗಾದ್ರೆ ನೀವಾ, ಆಚಾರ್ರೇ?" ಎಂದಳು ಚೆಲುವಮ್ಮ. "ಮಾತು ಪೂರ್ತಿ ಹೇಳಿ."

"ಹೋದೆ" ಎಂದೆ. "ಬಂದೆ" ಎಂದೆ. ಮೂರನೆಯ ಮಾತು ಬಾಯಿಗೆ ಬರಲಿಲ್ಲ. ಸುತ್ತ ಗುಸುಗುಸು ಶುರುವಾಯಿತು. ಏನೂ ಆಗಲಿಲ್ಲ ಎಂದು ಹೇಳದಿದ್ದರೆ ಏನೋ ಆಗಿದೆ ಎಂದೇ ಅರ್ಥ. ಅಂಥದನ್ನು ಕೊಳ್ಳುವವರು ಯಾರು? ಅಂಬುಜ ನನ್ನನ್ನೇ ನೋಡುತ್ತಿದ್ದಳು. ಆದರೆ ಏನೂ ಆಗಲಿಲ್ಲ ಎಂದು ಹೇಗೆ ಹೇಳಲಿ?

"ಏನಾಯ್ತು?" ಚೆಲುವಮ್ಮ ಹತ್ತಿರ ಬಂದಳು. "ಪೆಟ್ಟಾಯ್ತಾ?"

"ಹೊಟ್ಟೆ ಉರೀತು" ಎಂದೆ. "ಇದನ್ನ ನಾನು ಮಾಡ್ಬೇಕಿತ್ತು ಅನ್ನಿಸ್ತು ತಾಯಿ. ನಂಗೆ ಇದು ಏಳು ಜನ್ಮಕ್ಕೂ ಆಗ್ತಿರ್ಲಿಲ್ಲ. ಮೂರು ವರ್ಷದಿಂದ ಉರೀತಾ ಐತೆ. ನಿನ್ನೆ ಹೋಗಿ ಬಂದ ಮೇಲೆ ಇನ್ನೂ ಜಾಸ್ತಿ ಆಯ್ತು."

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕೊಡೆ ಬಿಚ್ಚಿದಳು. "ಇಷ್ಟು ವರ್ಷದಿಂದ ನಿಮ್ಮ ಹತ್ರ ಕೊಳ್ತಾ ಇದೀನಿ, ಇನ್ನೊಬ್ರ ಕೆಲಸ ನೋಡಿ ನೀವು ಹೊಟ್ಟೆ ಉರ್ಕೊಂಡಿದ್ದು ನಾ ಕಂಡಿಲ್ಲ. ಮೂರನೇ ಮಾತಿಗೆ ಇದೇ ಸಾಕು. ಮೌನೇಶಪ್ಪಾ, ಮೊದಲನೇದು ನಂಗೇ" ಎಂದಳು. ಕಲಾವತಿ ತಂಗಿಯನ್ನು ತಬ್ಬಿಕೊಂಡು ಅತ್ತಳು. ನನ್ನನ್ನು ಯಾರೂ ತಬ್ಬಿಕೊಳ್ಳಲಿಲ್ಲ, ತಬ್ಬಿಕೊಳ್ಳುವಂಥದ್ದೇನೂ ನಾನು ಮಾಡಿರಲಿಲ್ಲ.

ಜನ ಚದುರಿದ ಮೇಲೆ ಮೌನೇಶನ ಹತ್ತಿರ ಹೋದೆ. ಅವನು ಕೆಳಗೆ ಕೂತು ಒದ್ದೆ ಗೋಣಿಯನ್ನು ಹಿಂಡುತ್ತಿದ್ದ. ತಪ್ಪಾಯಿತು ಎನ್ನಬೇಕೆಂದು ಹೋದವನ ಬಾಯಿಂದ ಬಂದದ್ದು ಬೇರೆ ಮಾತು. "ಬೀಗ ಹಾಕ್ಬಾರ್ದೇನೋ? ಯಾರಾದ್ರೂ ಬಂದು ಹಾಳು ಮಾಡಿದ್ರೆ?"

"ಮರೆತಿದ್ದೆ ಅಂದ್ಕೊಂಡ್ಯಾ ಅಣ್ಣಾ?" ಎಂದ ಅವನು, ಗೋಣಿ ಕೊಡವುತ್ತಾ. "ಮೂರು ವರ್ಷದಿಂದ ಭಾನುವಾರ ಭಾನುವಾರ ಬೀಗ ತೆಗೆದಿಟ್ಟು, ಇದಕ್ಕೆ ಎಣ್ಣೆ ಹಚ್ಚಿ ಬರ್ತಿದ್ದೆ. ನಿನ್ನ ಅಳತೆಗೇ ಹೊಲಿಸಿದ್ದು."

ಗೋಣಿಯ ಇನ್ನೊಂದು ತುದಿ ಹಿಡಿದುಕೊಂಡು, "ನಾನೇ ಯಾಕೋ?" ಎಂದೆ.

"ಬೇರೆಯೋರೆಲ್ಲ ನೋಡಿ ಚೆನ್ನಾಗೈತೆ ಅಂದು ಹೊರಟುಹೋದ್ರು. ಕೂಡಿಸಿದ ಗೆರೆ ಎಲ್ಲೈತೆ ಅಂತ ಸುತ್ತ ಮೂರು ಸಲ ಹುಡುಕಿದೋನು ನೀನೊಬ್ನೇ. ಬಂದೇ ಬರ್ತೀಯ ಅಂತ ಗೊತ್ತಿತ್ತು. ಇಷ್ಟು ತಡ ಮಾಡ್ತೀಯ ಅಂತ ಗೊತ್ತಿರ್ಲಿಲ್ಲ."

"ನೇರವಾಗಿ ಕೇಳ್ಬಹುದಿತ್ತಲ್ಲ?"

"ಕೇಳಿದ್ರೆ ಬರ್ತಿದ್ಯಾ?"

ಬರುತ್ತಿರಲಿಲ್ಲ. ಅವನಿಗೂ ಗೊತ್ತಿತ್ತು.

ಎರಡನೆಯದು ನಮಗೇ ಎಂದಿದ್ದ ಹನ್ನೊಂದು ಜನರೂ ಮುಂದಿನ ತಿಂಗಳೊಳಗೆ ಬಂದರು. ಈಗ ಹನ್ನೆರಡು ಊರುಗಳಲ್ಲಿ ಬಾಗಿಲ ಮೇಲೆ ದೊಡ್ಡ ಅಕ್ಷರದ ಬೋರ್ಡಿದೆ: ಗಂಗಾಧರನ ಶಂಖ. ನನ್ನ ಹಳೆಯ ಸುತ್ತುಗಳಿಗೆ ತೇಪೆ ಹಾಕಲು ಹೋದಾಗ ಮಕ್ಕಳು ಆ ಶಂಖದೊಳಗಿಂದ ಹಿಮ್ಮುಖವಾಗಿ ಬಂದು ಬಿದ್ದು, ನಾನು ಅವತ್ತು ನಕ್ಕ ಹಾಗೇ ನಗುತ್ತಾರೆ. ನನ್ನ ಹೆಸರನ್ನು ಕೂಗಿ ಕೂಗಿ ಇನ್ನೊಮ್ಮೆ ಮೆಟ್ಟಿಲು ಹತ್ತುತ್ತಾರೆ. ನಾನು ಮಾಡಿದ್ದಕ್ಕೆ ಪಾಪಣ್ಣನ ಹೆಸರು, ಮೌನೇಶ ಮಾಡಿದ್ದಕ್ಕೆ ನನ್ನ ಹೆಸರು. ಆ ಬೋರ್ಡು ಓದಿದಾಗಲೆಲ್ಲ ಹೊಟ್ಟೆಯೊಳಗೆ ಸಣ್ಣಗೆ ಚುರ್ ಎನ್ನುತ್ತದೆ.

ಮೌನೇಶ ಕೆರೆಯ ಪಕ್ಕ ಮತ್ತೆ ತಗಡು ಕಟ್ಟಿದ್ದಾನೆ. ಈ ಸಲ ಏನು ಮಾಡುತ್ತಿದ್ದಾನೆಂದು ಅಂಬುಜಳಿಗೂ ಗೊತ್ತಿಲ್ಲವಂತೆ. ನನಗೇನು, ನಾನು ಕೇಳುವವನಲ್ಲ. ಮೊನ್ನೆ ಭಾನುವಾರ ಊಟವಾದ ಮೇಲೆ ಎಲೆ ಅಡಿಕೆ ತರಲು ಹೊರಟವನು ಹಾಗೇ ಆ ಕಡೆ ಕಾಲು ಹಾಕಿದೆ. ಬೀಗ ತೆಗೆದೇ ಇತ್ತು. ಒಳಗೆ ಮೊದಲ ಮೆಟ್ಟಿಲ ಮೇಲೆ ಗೋಣಿ ಮಡಿಸಿಟ್ಟಿತ್ತು. ಬಿಚ್ಚಿ ನೋಡಿದೆ. ಈ ಸಲ ಎರಡಿಂಚು ಜಾಸ್ತಿ ಅಗಲ.